ಹದಿನೈದು ನಿಮಿಷದ ಹ್ಯಾಂಡ್‌ಬಿಲ್

ಕೆಳಗೆ ಪ್ರೆಸ್ಸು, ಮೇಲೆ ಮನೆ. ಇಂಥ ಕಡೆ ಗುಟ್ಟು ಎನ್ನುವುದು ಉಳಿಯುವುದೇ ಕಷ್ಟ. ಕೆಳಗೆ ಮಿಷನ್ನು ನಿಂತರೆ ಮೇಲೆ ಅಡುಗೆಮನೆಗೆ ಗೊತ್ತಾಗುತ್ತದೆ. ಮೇಲೆ ಪಾತ್ರೆ ಕುಕ್ಕಿದರೆ ಕೆಳಗೆ ಗಿರಾಕಿಗಳು ತಲೆಯೆತ್ತಿ ನೋಡುತ್ತಾರೆ. ಅಂಥದ್ದರಲ್ಲಿ ಯಜಮಾನರ ಮಗ ಮದುವೆಯಾಗಿ ಐದು ತಿಂಗಳು ತುಂಬುವಷ್ಟರಲ್ಲಿ ಹಾಸಿಗೆ ಸುತ್ತಿಕೊಂಡು ಹೋಗಿ ಪೇಪರ್ ಗೋಡೌನಿನಲ್ಲಿ ಮಲಗತೊಡಗಿದರೆ, ಅದು ಎಷ್ಟು ದಿನ ಮುಚ್ಚಿಟ್ಟ ಮಾತಾಗಿರುತ್ತದೆ ಹೇಳಿ.

“ಅರ್ಜೆಂಟ್ ಕೆಲಸ ಇದೆ ಅಮ್ಮ” ಎನ್ನುತ್ತಿದ್ದ ಮಗ.

“ಏನಪ್ಪಾ ಅಂಥ ಅರ್ಜೆಂಟು? ಮೂರು ತಿಂಗಳಿಂದ ಊರಿಗೆ ಊರೇ ಬಿಲ್ ಬುಕ್ಕಿಲ್ಲದೆ ಅಳ್ತಾ ಕೂತಿದೆಯಾ?” ಯಜಮಾನಮ್ಮ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು. “ತಿನ್ನು. ಮುಖ ನೋಡು, ಒಣಗಿದ ಸೌತೆಕಾಯಿ ಆಗಿದೆ.”

“ಬೇಡ ಅಂದ್ನಲ್ಲ.”

“ಬೇಡ, ಬೇಡ, ಬೇಡ. ಹೆಂಡ್ತಿ ಮಾಡಿದ್ದೂ ಬೇಡ, ಅಮ್ಮ ಹಾಕಿದ್ದೂ ಬೇಡ.”

ಸೊಸೆ ಅವನ ಮುಂದೆ ಚಹಾದ ಲೋಟ ಇಟ್ಟಳು. ಮುಖ ನೋಡಲಿಲ್ಲ. ಅವನೂ ನೋಡಲಿಲ್ಲ. ಮೊದಮೊದಲು ಈ ಇಬ್ಬರೂ ಒಂದೇ ಲೋಟದಲ್ಲಿ ಕುಡಿದು ನಗುತ್ತಿದ್ದವರು. ಯಜಮಾನಮ್ಮನೇ ನಾಚಿಕೊಂಡು ಎದ್ದುಹೋಗುತ್ತಿದ್ದ ದಿನಗಳಿದ್ದವು.

ಯಜಮಾನರು ಒಂದು ಪ್ರೂಫ್ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಇಡೀ ಪೇಟೆಯ ಬೋರ್ಡುಗಳ ತಪ್ಪು ತಿದ್ದುವ ಮನುಷ್ಯ, ಮನೆಯ ಮಾತು ಬಂದರೆ ಮಾತ್ರ ಕಿವುಡು. ಮಗ ಕೆಳಗಿಳಿದು ಹೋದ ಮೇಲೆ ಹೆಂಡತಿ ಕೇಳಿದರು: “ರೀ, ನೀವಾದ್ರೂ ಅವನನ್ನ ಒಂದು ಮಾತು ಕೇಳಬಾರದಾ?”

“ಏನಂತ ಕೇಳ್ಲಿ? ಗಂಡ ಹೆಂಡ್ತಿ ವಿಷಯ. ಅವರೇ ಸರಿ ಹೋಗ್ತಾರೆ.”

“ಸರಿ ಹೋಗ್ತಾರಂತೆ! ಹಾಲು ಉಕ್ಕಿ ಒಲೆ ಆರೋತನಕ ನೋಡ್ತಾ ಕೂತಿರಿ.”

ಸೊಸೆಗೆ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸ. ಬೆರಳು ಆಡಿಸಿದರೆ ಮಳೆ ಹನಿ ಬಿದ್ದಂತೆ. ಅವಳು ಬಂದ ಮೇಲೆ ಲಗ್ನಪತ್ರಿಕೆ, ರಸೀದಿ ಪುಸ್ತಕ ಎಲ್ಲಕ್ಕೂ ಒಂದು ಕಳೆ ಬಂದಿತ್ತು. ಆ ವಾರ ಅವಳ ಮೇಜಿಗೆ ಒಂದು ಹಳೆಯ ಹ್ಯಾಂಡ್‌ಬಿಲ್ ಬಂತು. ಬಸ್ ನಿಲ್ದಾಣದ ಎದುರಿನ ವಸತಿಗೃಹದ ಏಳನೇ ನಂಬರ್ ಕೋಣೆಯಲ್ಲಿ ಕೂರುವ ‘ಗುಪ್ತರೋಗ ತಜ್ಞ’ರದ್ದು. ವರ್ಷಕ್ಕೊಮ್ಮೆ ತಪ್ಪದೆ ಬರುವ ಆರ್ಡರು. ಇಷ್ಟು ದಿನ ಹಳೇ ಪ್ಲೇಟಿನಲ್ಲೇ ಹೊಡೆದು ಕೊಡುತ್ತಿದ್ದರು. ಈ ಸಲ ಅವರಿಗೆ ಬಣ್ಣದಲ್ಲಿ ಬೇಕಂತೆ. ಹಾಗಾಗಿ ಮ್ಯಾಟರನ್ನೆಲ್ಲ ಹೊಸದಾಗಿ ಟೈಪ್ ಮಾಡಬೇಕಿತ್ತು.

ಸ್ವಲ್ಪ ಹೊತ್ತು ಕೀಲಿಗಳ ಸದ್ದು ಕೇಳಿತು. ಆಮೇಲೆ ನಿಂತಿತು. ಯಜಮಾನರು ತಲೆಯೆತ್ತಿ ನೋಡುವಷ್ಟರಲ್ಲಿ ಸೊಸೆ ಆ ಹಾಳೆಯನ್ನು ಮಡಿಸಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಮಧ್ಯಾಹ್ನದವರೆಗೂ ಕೆಳಗೆ ಬರಲಿಲ್ಲ.

ಯಜಮಾನರು ಊಟಕ್ಕೆ ಹೋದಾಗ ತಟ್ಟೆಯ ಪಕ್ಕದಲ್ಲೇ ಆ ಹಾಳೆ. ಎರಡು ಸಾಲಿನ ಕೆಳಗೆ ಪೆನ್ಸಿಲ್ ಗೆರೆ.

“ಇದನ್ನ ಬರೆದ ಪುಣ್ಯಾತ್ಮ ಯಾರು ರೀ?” ಯಜಮಾನಮ್ಮ ಅನ್ನ ಬಡಿಸುತ್ತ ಕೇಳಿದರು.

“ಗಿರಾಕಿ ಮ್ಯಾಟರು. ನಮಗ್ಯಾಕೆ?”

“ನಮಗೇ ಬೇಕು. ಕೇಳಿ ಇಲ್ಲಿ.” ಅವರು ಓದಿದರು, ಒಂದೊಂದೇ ಮಾತು ಬಿಡಿಸಿ. “‘ನವವಿವಾಹಿತರೇ ಎಚ್ಚರ! ಹದಿನೈದು ನಿಮಿಷಕ್ಕೆ ಮುಂಚೆಯೇ ನಿಮ್ಮ ಶಕ್ತಿ ಜಾರಿಹೋಗುತ್ತಿದೆಯೇ? ಹಾಗಾದರೆ ನೀವು ಬುಡ ಕಡಿದ ಮರ. ಇಂದು ನಿಂತಿದ್ದರೂ ನಾಳೆ ಬೀಳುವುದು ಖಂಡಿತ. ಹೆಂಡತಿಯ ಕಣ್ಣಲ್ಲಿ ನೀವು ಗಂಡಸಾಗಿ ಉಳಿಯುವುದಿಲ್ಲ.’ ಕೇಳಿದ್ರಾ? ಇದೇ ಮಾತು, ಅಕ್ಷರ ಒಂದೂ ಬಿಡದೆ, ನಿಮ್ಮ ಮಗ ಅವಳಿಗೆ ಹೇಳಿದಾನೆ. ‘ನಾನು ಬುಡ ಕಡಿದ ಮರ, ನೀನು ನಿನ್ನ ದಾರಿ ನೋಡ್ಕೋ’ ಅಂದನಂತೆ. ಆ ಹುಡುಗಿ ಏನೋ ದೊಡ್ಡ ಕಾಯಿಲೆ, ನನ್ನ ಹತ್ರ ಮುಚ್ಚಿಡ್ತಿದಾರೆ ಅಂತ ಮೂರು ತಿಂಗಳು ಅತ್ತಿದಾಳೆ. ಇವತ್ತು ಟೈಪ್ ಮಾಡ್ತಾ ಮಾಡ್ತಾ ಗೊತ್ತಾಯ್ತು, ಮರ ಎಲ್ಲಿಂದ ಬಂತು ಅಂತ.”

ಯಜಮಾನರು ಆ ಹಾಳೆಯನ್ನು ಮಗುಚಿ ಹಾಕಿದರು.

ಅಯ್ಯೋ, ಆ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ಇವರೇ. ಇಪ್ಪತ್ತಾರು ವರ್ಷದ ಹಿಂದೆ, ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹೊಡೆಯುತ್ತಿದ್ದ ಕಾಲದಲ್ಲಿ, ಆ ತಜ್ಞ ಒಂದು ಸಿಗರೇಟು ಪ್ಯಾಕಿನ ಹಿಂದೆ ತನ್ನ ಹೆಸರು, ಕೋಣೆ ನಂಬರು, ಸಿಗುವ ಹೊತ್ತು ಇಷ್ಟನ್ನೇ ಬರೆದು ತಂದಿದ್ದ. ಕಾಗದದಲ್ಲಿ ಅರ್ಧ ಖಾಲಿ ಉಳಿಯುತ್ತಿತ್ತು. “ನೀವೇ ಏನಾದ್ರೂ ಹಾಕಿ ಸ್ವಾಮಿ, ಓದ್ದೋರಿಗೆ ಎದೆ ಝಲ್ ಅನ್ನಬೇಕು” ಅಂದು ಹೋದ. ಯಜಮಾನರಿಗೆ ಆಗ ಬಿಸಿ ರಕ್ತ, ತಮ್ಮ ಭಾಷೆಯ ಮೇಲೆ ಹೆಮ್ಮೆ ಬೇರೆ. ಖಾಲಿ ಜಾಗ ಕಂಡರೆ ಅವರಿಗೆ ಮೈಯೆಲ್ಲ ಕಡಿತ. ಒಂದು ಮಧ್ಯಾಹ್ನದಲ್ಲಿ ಮರ, ಬುಡ, ಹೆಂಡತಿಯ ಕಣ್ಣು ಎಲ್ಲವನ್ನೂ ಜೋಡಿಸಿಬಿಟ್ಟರು. ಮೊದಲು ಹಾಕಿದ್ದು ‘ಐದು ನಿಮಿಷ’. ಸಾಲು ಗಿಡ್ಡವಾಗಿ ಬಲಗಡೆ ಬಾಯಿ ಬಿಟ್ಟುಕೊಂಡು ನಿಂತಿತು. ‘ಹದಿನೈದು’ ಇಟ್ಟು ನೋಡಿದರೆ ಅಂಚಿಗೆ ಸರಿಯಾಗಿ ಕಚ್ಚಿ ಕೂತಿತು. ಅಷ್ಟೇ. ಅದರ ಹಿಂದೆ ಇನ್ನಾವ ವೈದ್ಯವೂ ಇರಲಿಲ್ಲ, ಶಾಸ್ತ್ರವೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮಗ ಸ್ಕೂಲಿಂದ ಬಂದು ಆ ಹ್ಯಾಂಡ್‌ಬಿಲ್ಲುಗಳನ್ನು ನೂರು ನೂರರ ಕಟ್ಟು ಕಟ್ಟುತ್ತಿದ್ದ. ಅಪ್ಪ ಅಚ್ಚು ಹಾಕಿದ ಕಾಗದ. ಅದರಲ್ಲಿ ಸುಳ್ಳಿರಬಹುದು ಅಂತ ಅವನಿಗೆ ಯಾರು ಹೇಳಬೇಕಿತ್ತು?

“ಬಾಯಿ ಬಿಡಿ. ಯಾರು ಬರೆದಿದ್ದು?” ಯಜಮಾನಮ್ಮ ಬಿಡಲಿಲ್ಲ.

“ನಾನೇ” ಅಂದರು ಯಜಮಾನರು, ತಟ್ಟೆಗೆ.

ಅಡುಗೆಮನೆಯಲ್ಲಿದ್ದ ಸೊಸೆಯ ಕೈಯಿಂದ ಸೌಟು ಜಾರಿ ಬಿತ್ತು. ಯಜಮಾನಮ್ಮ ಬೈಯುತ್ತಾರೆ ಅಂದುಕೊಂಡರೆ ಬೈಯಲಿಲ್ಲ. ಗಂಡನನ್ನೇ ಒಂದು ಗಳಿಗೆ ನೋಡಿ, “ಊಟ ಮಾಡಿ” ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಯಜಮಾನರು ಏಳನೇ ನಂಬರ್ ಕೋಣೆಗೆ ಹೋದರು. ಹೊರಗಿನ ಬೆಂಚಿನಲ್ಲಿ ನಾಲ್ಕು ಜನ, ನಾಲ್ವರೂ ಬೇರೆ ಬೇರೆ ದಿಕ್ಕು ನೋಡುತ್ತ ಕೂತಿದ್ದರು. ತಜ್ಞರು ಈಗ ಬೊಜ್ಜು ಬಂದು, ಕೂದಲಿಗೆ ಬಣ್ಣ ಹಚ್ಚಿಕೊಂಡು, ಒಳ್ಳೆ ಮರ್ಯಾದಸ್ಥರ ಹಾಗಿದ್ದರು.

“ನನ್ನ ಮಗ ನಿಮ್ಮ ಹತ್ರ ಬರ್ತಾನಾ?”

“ಇಲ್ಲಿಗೆ ಬರೋರು ಯಾರೂ ನಿಜವಾದ ಹೆಸರು ಹೇಳಲ್ಲ ಯಜಮಾನ್ರೇ.” ಅವರು ಕುರ್ಚಿ ತೋರಿಸಿದರು. “ಉಗುರಲ್ಲಿ ಇಂಕು ಇರೋ ಹುಡುಗ ಒಬ್ಬ ಬರ್ತಾನೆ. ಅವನೇ ಇರಬೇಕು. ಪಾಪ, ಒಳ್ಳೆಯವನು.”

“ಅವನಿಗೆ ಏನು ಕೊಡ್ತಿದೀರಿ?”

“ಪುಡಿ. ಎಲ್ಲರಿಗೂ ಕೊಡೋದೇ.”

“ಅದನ್ನ ನಿಲ್ಲಿಸಿ. ಹೆದರಿಸಿ ಹೆದರಿಸಿ ಮಕ್ಕಳ ಸಂಸಾರ ಹಾಳು ಮಾಡ್ತೀರಲ್ಲಾ, ನಾಚಿಕೆ ಆಗಲ್ವಾ?”

ತಜ್ಞರಿಗೆ ಕೋಪ ಬರಲಿಲ್ಲ. “ನಾನೆಲ್ಲಿ ಹೆದರಿಸಿದೆ? ಹೆದರಿಸೋ ಮಾತೆಲ್ಲ ನಿಮ್ಮದು. ಆ ಬೆಂಚಿನ ಮೇಲೆ ಕೂತಿರೋರು ನಿಮ್ಮ ಕಾಗದ ಜೇಬಲ್ಲಿಟ್ಕೊಂಡು ಬಂದಿದಾರೆ. ಕೆಲವರು ಬಾಯಿಪಾಠ ಹೇಳ್ತಾರೆ. ನಿಜ ಹೇಳ್ಬೇಕಂದ್ರೆ, ನನ್ನ ಪುಡಿಗಿಂತ ನಿಮ್ಮ ಹದಿನೈದು ನಿಮಿಷಕ್ಕೇ ಜಾಸ್ತಿ ಶಕ್ತಿ.” ಆಮೇಲೆ ಮೆಲ್ಲಗೆ, “ಬಣ್ಣದ ಹ್ಯಾಂಡ್‌ಬಿಲ್ ಯಾವಾಗ ಕೊಡ್ತೀರಿ?” ಅಂದರು.

“ಇನ್ಮೇಲೆ ನಾನು ಹೊಡೆಯಲ್ಲ.”

“ಆಯ್ತು ಬಿಡಿ. ಪ್ರೆಸ್ಸಿಗೇನು ಬರವೇ?”

ಯಜಮಾನರು ಹೊರಗೆ ಬಂದಾಗ ಬೆಂಚಿನಲ್ಲಿದ್ದವನೊಬ್ಬ ಅವರನ್ನು ನೋಡಿ ಥಟ್ಟನೆ ಮುಖ ತಿರುಗಿಸಿದ. ಅವನು ಎದುರು ಬೀದಿಯ ಟೈಲರ್, ಅವರ ಅಂಗಿಗಳನ್ನೆಲ್ಲ ಹೊಲಿಯುವವನು. ಅವನಿಗೆ ಒಂದು ಮಾತು ಹೇಳಬೇಕೆನಿಸಿತು. ಏನು ಹೇಳುವುದು ತೋಚದೆ, ಕೆಮ್ಮಿ ಮುಂದೆ ಹೋದರು.

ಹತ್ತು ದಿನ ಹೀಗೇ ಕಳೆಯಿತು. ಮಗನಿಗೆ ಹೇಳಬೇಕು, ಇವತ್ತು ಹೇಳಬೇಕು ಎಂದುಕೊಂಡು ಯಜಮಾನರು ಅವನ ಹಿಂದೆ ಮುಂದೆ ಸುಳಿದಾಡಿ, ಕೊನೆಗೆ “ಆ ಕಾಗದದ ರೀಮು ಎಲ್ಲಿಟ್ಟೆ?” ಎಂದು ಕೇಳಿ ಬರುತ್ತಿದ್ದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಕಟಿಂಗ್ ಮಿಷನ್ನಿನ ಮುಂದೆ ನಿಂತಿದ್ದ ಮಗನಿಗೆ ಕಣ್ಣು ಕತ್ತಲೆ ಬಂತು. ಕತ್ತಿ ಇಳಿಯುವ ಹೊತ್ತಿಗೆ ಅವನ ಕೈ ಕಾಗದದ ಮೇಲಿತ್ತು. ಯಜಮಾನರು ಅಂಗಿ ಹಿಡಿದು ಹಿಂದಕ್ಕೆ ಎಳೆದದ್ದರಿಂದ ಬೆರಳು ಉಳಿದವು. ಅಪ್ಪ ಮಗ ಇಬ್ಬರೂ ಕಾಗದದ ಚೂರುಗಳ ಮೇಲೆ ಬಿದ್ದರು. ಮಗನ ಕಣ್ಣಿನ ಬಿಳಿ ಅರಿಸಿನ ಬಣ್ಣಕ್ಕೆ ತಿರುಗಿದ್ದನ್ನು ಅವರು ನೋಡಿದ್ದು ಆಗಲೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಂಚದ ಸುತ್ತ ಪರದೆ ಎಳೆದರು. ಯಜಮಾನರು ಪರದೆಯ ಈಚೆ ನಿಂತರು. ಮಾತು ಕೇಳದೆ ಇರಲು ಅವರೇನು ಕಿವಿಗೆ ಮೇಣ ಹಾಕಿಕೊಂಡಿದ್ದರೇ?

“ಈ ಪುಡಿ ಎಷ್ಟು ದಿನದಿಂದ ತಿಂತಿದೀರಿ?”

“ಮೂರು ತಿಂಗಳು.”

“ಲಿವರ್ ಹಾಳಾಗ್ತಿದೆ ನಿಮಗೆ. ಇವತ್ತೇ ಬಿಡ್ಬೇಕು. ಯಾತಕ್ಕೆ ತಗೊಂಡ್ರಿ?”

ಮಗನ ದನಿ ಸಣ್ಣ ಹುಡುಗನ ಹಾಗೆ ಕೇಳಿತು: “ಬೇಗ ಆಗಿಬಿಡುತ್ತೆ ಡಾಕ್ಟ್ರೇ. ಮೂರು ನಿಮಿಷ. ಆಮೇಲಾಮೇಲೆ ಅಷ್ಟೂ ಇಲ್ಲ.”

“ಮೂರು ನಿಮಿಷಕ್ಕೆ ಯಾರಾದ್ರೂ ಔಷಧಿ ತಿಂತಾರೇನ್ರೀ? ಏನೂ ತೊಂದರೆ ಇಲ್ಲದ ಗಂಡಸರಿಗೂ ಸುಮಾರಾಗಿ ಐದಾರು ನಿಮಿಷ, ಎಷ್ಟೋ ಜನಕ್ಕೆ ಅದಕ್ಕಿಂತ ಕಡಿಮೆ. ಯಾರೂ ಬಾಯಿ ಬಿಡಲ್ಲ, ಅದಕ್ಕೇ ಪ್ರತಿಯೊಬ್ಬನಿಗೂ ತನಗೊಬ್ಬನಿಗೇ ಹೀಗೆ ಅನ್ಸುತ್ತೆ. ಹೆದರಿದಷ್ಟೂ ಬೇಗ ಆಗುತ್ತೆ. ಬೇಗ ಆಯ್ತು ಅಂತ ಮತ್ತೆ ಹೆದರ್ತೀರಿ. ಎಷ್ಟು ಹೊತ್ತು ಇರಬೇಕು ಅಂದ್ಕೊಂಡಿದ್ರಿ?”

“ಹದಿನೈದು.”

“ಯಾರು ಹೇಳಿದ್ರು?”

“ಎಲ್ಲಾ ಕಡೆ ಬರ್ದಿರುತ್ತಲ್ಲಾ.”

ಯಜಮಾನರು ಪರದೆಯ ಕಂಬಿಯನ್ನು ಹಿಡಿದುಕೊಂಡರು.

“ಲಿವರ್ ಸರಿ ಹೋಗ್ಲಿ, ಆಮೇಲೆ ನಿಮ್ಮ ಹೆಂಡ್ತೀನೂ ಕರ್ಕೊಂಡು ಬನ್ನಿ. ತಡೆದುಕೊಳ್ಳೋದಕ್ಕೆ ಅಭ್ಯಾಸ ಹೇಳ್ಕೊಡ್ತೀವಿ, ಬೇಕಾದ್ರೆ ಮಾತ್ರೆನೂ ಇದೆ. ಆದ್ರೆ ಇಬ್ಬರೂ ಬರಬೇಕು.”

“ಅವಳನ್ನ ಇಲ್ಲಿ ಕೂರಿಸ್ಕೊಂಡು ಇದನ್ನ ಮಾತಾಡೋಕೆ ನನ್ನ ಕೈಲಾಗಲ್ಲ” ಅಂದ ಮಗ. ಎಷ್ಟು ಹೇಳಿದರೂ ಅದೇ ಮಾತು.

ಮನೆಗೆ ಬಂದ ಮೂರನೆಯ ದಿನ ಯಜಮಾನರು ಮಿಷನ್ನು ನಿಲ್ಲಿಸಿ, ಪ್ರೆಸ್ಸಿನ ಬಾಗಿಲನ್ನು ಅರ್ಧ ಎಳೆದು, ಮಗನ ಎದುರು ಸ್ಟೂಲಿನ ಮೇಲೆ ಕೂತರು.

“ಆ ಏಳನೇ ನಂಬರಿನವನ ಹ್ಯಾಂಡ್‌ಬಿಲ್ ಇದೆಯಲ್ಲ, ಅದನ್ನ ಬರೆದಿದ್ದು ನಾನು ಕಣೋ.”

ಮಗ ತಲೆಯೆತ್ತಿದ.

“ಜಾಗ ಖಾಲಿ ಇತ್ತು, ಬರೆದೆ. ಐದು ಅಂತ ಹಾಕಿದ್ದೆ. ಸಾಲು ತುಂಬ್ಲಿಲ್ಲ, ಹದಿನೈದು ಮಾಡ್ದೆ. ಅಷ್ಟೇ ಕಣೋ ಅದು. ಎಲ್ಲಾ ಬುರುಡೆ.”

ಮಗ ನಗುತ್ತಾನೆ ಅಂದುಕೊಂಡರು, ಇಲ್ಲವಾದರೆ ಕೂಗಾಡುತ್ತಾನೆ. ಅವನು ಕೈಲಿದ್ದ ಕಾಗದವನ್ನು ಮಡಿಸಿದ, ಮತ್ತೆ ಮಡಿಸಿದ.

“ಪೋಸ್ಟ್ ಕಾರ್ಡ್ ಬರೆಯೋಕೂ ಎರಡು ಸಲ ಯೋಚನೆ ಮಾಡೋರು ನೀವು. ಗೊತ್ತಿಲ್ಲದ್ದನ್ನ ಯಾವತ್ತು ಬರೆದಿದೀರಿ ಅಪ್ಪ?”

“ಇದೊಂದು ಬರೆದೆ.”

“ಇಲ್ಲ. ನಿಮಗೆ ಅಷ್ಟು ಹೊತ್ತು ಆಗ್ತಿತ್ತು. ಅದಕ್ಕೇ ಬರೆದ್ರಿ.” ಅವನ ಕಿವಿ ಕೆಂಪಾಗಿತ್ತು, ಆದರೂ ನಿಲ್ಲಿಸಲಿಲ್ಲ. “ಅಮ್ಮ ನಿಮ್ಮ ಜೊತೆ ಮೂವತ್ತು ವರ್ಷ ಸುಖವಾಗಿದಾಳೆ. ಡಾಕ್ಟ್ರಮ್ಮ ನನ್ನ ಸಮಾಧಾನಕ್ಕೆ ಐದು ಆರು ಅಂದ್ರು. ನಮ್ಮಪ್ಪಂಗೇ ಹದಿನೈದು. ನಂಗೆ ಮೂರು.”

ಒಂದೇ ಒಂದು ಮಾತು ಸಾಕಿತ್ತು. ‘ನಂದೂ ಅಷ್ಟೇ ಕಣೋ, ನಿನಗಿಂತಲೂ ಕಡಿಮೆ’ ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂತು. ಅಪ್ಪನಾದವನು ಅದನ್ನು ಮಗನ ಮುಂದೆ ಹೇಗೆ ಹೇಳಿಯಾನು! ಮೂವತ್ತು ವರ್ಷದಲ್ಲಿ ಹೆಂಡತಿಯ ಮುಂದೂ ಆಡದ ಮಾತದು.

“ಆ ವಿಷಯವೆಲ್ಲ ಈಗ ಯಾಕೆ” ಅಂದುಬಿಟ್ಟರು.

ಮಗ ತಲೆಯಾಡಿಸಿದ. ತಾನು ಅಂದುಕೊಂಡದ್ದೇ ಸರಿ ಎನ್ನುವಂತೆ ಎದ್ದುಹೋಗಿ ಮಿಷನ್ನು ಶುರು ಮಾಡಿದ.

ಆಮೇಲಿನ ವಾರಗಳಲ್ಲಿ ಮಗನ ಕಣ್ಣು ತಿಳಿಯಾಯಿತು, ಊಟ ಸೇರತೊಡಗಿತು. ಹಾಸಿಗೆ ಮಾತ್ರ ಗೋಡೌನಿನಲ್ಲೇ ಉಳಿಯಿತು. ಒಂದು ದಿನ ಯಜಮಾನರು ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದಾಗ ಮುಂದಿನ ಸೀಟಿನ ಬೆನ್ನಿಗೆ ಹೊಸ ಹ್ಯಾಂಡ್‌ಬಿಲ್ ಅಂಟಿಸಿತ್ತು. ಕೆಂಪು, ಹಳದಿ ಬಣ್ಣ. ಕೆಳಗೆ ಬೇರೆ ಪ್ರೆಸ್ಸಿನ ಹೆಸರು. ನಡುವೆ ಅವರದೇ ಮರ, ಅವರದೇ ಬುಡ, ಅವರದೇ ಹದಿನೈದು. ಯಜಮಾನರು ಉಗುರಿನಿಂದ ಕೆರೆದು ಕೀಳತೊಡಗಿದರು.

ಪಕ್ಕದಲ್ಲಿದ್ದ ಕಾಲೇಜು ಹುಡುಗ ಕಿಸಕ್ಕೆಂದ. “ತಾತಾ, ಹರೀಬೇಡಿ. ನಿಮಗೆ ಬೇಕಾದ್ರೆ ಕಂಡಕ್ಟರ್ ಸೀಟ್ ಹತ್ರ ಒಂದು ಸಡಿಲವಾಗಿ ಅಂಟಿದೆ, ಫೋನ್ ನಂಬರ್ ಸಮೇತ ಸಿಗುತ್ತೆ.” ಹಿಂದಿನ ಸೀಟಿನವರೂ ನಕ್ಕರು. ಯಜಮಾನರು ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ನಡೆದುಕೊಂಡು ಮನೆಗೆ ಬಂದರು.

ಮೆಟ್ಟಿಲು ಹತ್ತುತ್ತಿರುವಾಗ ಅಡುಗೆಮನೆಯ ಮಾತು ಕೇಳಿಸಿತು. ಅತ್ತೆ ಸೊಸೆ ಆಲೂಗಡ್ಡೆ ಸುಲಿಯುತ್ತಿದ್ದರು.

“ಅಕ್ಕನ ಊರಲ್ಲಿ ಒಂದು ಆಫೀಸಲ್ಲಿ ಟೈಪಿಂಗ್ ಕೆಲಸ ಇದೆಯಂತೆ ಅತ್ತೆ. ಭಾನುವಾರ ಹೋಗ್ತೀನಿ.”

“ಇನ್ನೊಂದು ಸ್ವಲ್ಪ ದಿನ ನೋಡೇ ಮಗಳೇ. ಡಾಕ್ಟ್ರಮ್ಮ ಹೇಳಿದಾರಲ್ಲ, ಸರಿಹೋಗುತ್ತೆ ಅಂತ.”

“ಅದು ಸರಿಹೋಗದಿದ್ರೂ ನಂಗೇನೂ ಇಲ್ಲ ಅತ್ತೆ. ನಾನು ಯಾವತ್ತೂ ಅವರ ನಿಮಿಷ ಎಣಿಸಿದೋಳಲ್ಲ. ನಂಗೆ ಎಷ್ಟು ಇಷ್ಟ ಅಂತ ಹೇಳೋಕೆ ಹೋದ್ರೆ, ಮೊದಮೊದಲು ಕರುಣೆ ತೋರಿಸ್ಬೇಡ ಅಂತಿದ್ರು. ಆಸ್ಪತ್ರೆಗೆ ನಾನೂ ಬರ್ತೀನಿ ಅಂದ್ರೆ ಎದ್ದು ಹೋಗ್ತಾರೆ. ಅವರು ನನ್ನ ಜೊತೆ ಒಂದು ಮಾತು ಆಡಿ ನೂರಾ ಹನ್ನೊಂದು ದಿನ ಆಯ್ತು. ಅದನ್ನ ಎಣಿಸಿದೀನಿ.”

ಚಾಕುವಿನ ಸದ್ದಷ್ಟೇ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ನಾಲ್ವರೂ ತಿಂಡಿಗೆ ಕೂತರು. ಸೊಸೆಯ ಬ್ಯಾಗು ಬಾಗಿಲ ಹತ್ತಿರವಿತ್ತು. ಬ್ರೆಡ್ಡು ತಣ್ಣಗಾಗುತ್ತಿತ್ತು, ಒಬ್ಬರೂ ಮುಟ್ಟುತ್ತಿರಲಿಲ್ಲ. ಇವಳು ಹೋದರೆ ತಿರುಗಿ ಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಈಗಲೂ ಹೇಳದಿದ್ದರೆ ತಾವು ಎಂಥ ಅಪ್ಪ ಅನ್ನಿಸಿತು ಯಜಮಾನರಿಗೆ.

“ನಂದು ಎರಡು ನಿಮಿಷ” ಅಂದರು.

ಮೂವರೂ ಅವರನ್ನು ನೋಡಿದರು.

“ಏನು ರೀ?” ಎಂದರು ಯಜಮಾನಮ್ಮ.

“ಎರಡೇ ನಿಮಿಷ. ಮದುವೆ ಆದಾಗ್ಲಿಂದ ಅಷ್ಟೇ. ಒಂದು ದಿನವೂ ಹದಿನೈದಾಗಿಲ್ಲ, ಐದೂ ಆಗಿಲ್ಲ.” ಯಜಮಾನರು ಮಗನ ಕಡೆ ನೋಡದೆ, ಉಪ್ಪಿನ ಡಬ್ಬಿಗೆ ಹೇಳಿದಂತೆ ಹೇಳಿದರು. “ಕೇಳಿಸ್ತೇನೋ?”

ಮಗನ ಮುಖ ಕೆಂಪಾಯಿತು. “ಇವಳನ್ನ ಉಳಿಸೋಕೆ ಇಂಥ ಸುಳ್ಳೂ ಹೇಳ್ತೀರಾ ಅಪ್ಪ?”

“ಸುಳ್ಳಲ್ಲ ಕಣೋ. ಬೇಕಾದ್ರೆ ನಿಮ್ಮಮ್ಮನ್ನ ಕೇಳು. ಏನೇ, ನೀನಾದ್ರೂ ಹೇಳೇ ಅವನಿಗೆ. ಎರಡೇ ನಿಮಿಷ ಆದ್ರೂ ನೀನು ಸುಖವಾಗಿದ್ದೆ ಅಂತ ಹೇಳು.”

ಯಜಮಾನಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. ಹಚ್ಚಿ ಮುಗಿಸಿದರು. ಚಾಕು ಕೆಳಗಿಟ್ಟರು.

“ಎರಡು ನಿಮಿಷ ನಿಜ” ಅಂದರು ಮಗನಿಗೆ. “ನಿಮ್ಮಪ್ಪ ಸುಳ್ಳು ಹೇಳ್ತಿಲ್ಲ.”

ಆಮೇಲೆ ಗಂಡನ ಕಡೆ ತಿರುಗಿದರು. ದನಿ ಏರಲಿಲ್ಲ.

“ಎರಡೋ ಇಪ್ಪತ್ತೋ, ನಂಗೆ ಯಾವತ್ತೂ ಬೇಕಿರ್ಲಿಲ್ಲ. ಆದ್ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಿದ್ರಲ್ಲಾ, ಒಂದು ಮಾತಿಲ್ಲ, ಒಂದು ಕತೆಯಿಲ್ಲ. ನಂದೇ ಏನೋ ತಪ್ಪು, ನಾನು ಇವರಿಗೆ ಹಿಡಿಸ್ಲಿಲ್ಲ ಅಂದ್ಕೊಂಡು ಮೂವತ್ತು ವರ್ಷ ನಿಮ್ಮ ಬೆನ್ನು ನೋಡ್ತಾ ಮಲಗಿದೀನಿ. ಸುಖವಾಗಿದ್ದೆ ಅಂತ ಹೇಗ್ರೀ ಹೇಳ್ಲಿ?”

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಮಗ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಆಮೇಲೆ ಎಷ್ಟೋ ದಿನಗಳ ಮೇಲೆ ಹೆಂಡತಿಯ ಮುಖ ನೋಡಿದ. ಬಾಯಿ ತೆರೆದ. ಮಾತು ಹೊರಡಲಿಲ್ಲ. ಅವಳು ಕಾದಳು. ಇಡೀ ಮನೆಯೇ ಕಾಯಿತು. ಕೊನೆಗೆ ಅವಳು ಎದ್ದಳು, ಅತ್ತೆ ಮಾವನಿಗೆ ಹೇಳಿ ಹೊರಟಳು. ಮಗ ಹೋಗಿ ಬ್ಯಾಗನ್ನು ಅವಳ ಕೈಯಿಂದ ತೆಗೆದುಕೊಂಡ. ಹೋಗಬೇಡ ಅನ್ನಲಿಕ್ಕೆ ಅಲ್ಲ. ಬಸ್ ನಿಲ್ದಾಣದವರೆಗೆ ಹೊತ್ತುಕೊಂಡು ಹೋಗಲಿಕ್ಕೆ.

ಯಜಮಾನರು ಕಿಟಕಿಯಲ್ಲಿ ನಿಂತು ನೋಡಿದರು. ಇಬ್ಬರೂ ಬೀದಿಯಲ್ಲಿ ನಾಲ್ಕು ಅಡಿ ದೂರ ಬಿಟ್ಟು ನಡೆಯುತ್ತಿದ್ದರು. ಮಾತಾಡುತ್ತಾನೆ, ಆ ತಿರುವಿನ ಒಳಗೆ ಏನಾದರೂ ಮಾತಾಡುತ್ತಾನೆ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ತಿರುವು ಬಂತು, ಇಬ್ಬರೂ ಮರೆಯಾದರು.

ಹಿಂದೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಯಜಮಾನರು ಹೋಗಿ ಹೆಂಡತಿಯ ಹಿಂದೆ ನಿಂತರು. ಅವರು ತಟ್ಟೆ ತೊಳೆಯುತ್ತಿದ್ದರು. ಮೂವತ್ತು ವರ್ಷದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ನೀನು ಹಿಡಿಸಲಿಲ್ಲ ಅಂತ ಅಲ್ಲ ಕಣೇ, ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೇ ಕಣೇ, ಅಷ್ಟೇ.

ಯಜಮಾನಮ್ಮ ತಿರುಗಿ ನೋಡಿದರು. “ಏನು? ನೀರು ಬೇಕಿತ್ತಾ?”

“ಹ್ಞೂಂ” ಅಂದರು ಯಜಮಾನರು.

ಅವರು ಕೊಟ್ಟರು. ಇವರು ಬಾಯಾರಿಕೆಯಿಲ್ಲದಿದ್ದರೂ ನಿಂತಲ್ಲೇ ಇಡೀ ಲೋಟ ಕುಡಿದರು.